ಎಕ್ಸ್‌ಬಾಕ್ಸ್‌ಗೆ ದಾರಿ ಇನ್ನೂ ಇದೆ, ಅದು ಬೆಲೆ ಏರಿಸುವ ದಾರಿಯಲ್ಲ

2020ರ ನವೆಂಬರ್ 10ರಂದು ಮೈಕ್ರೋಸಾಫ್ಟ್‌ನ ಕನ್ಸೋಲ್, ಅಂದರೆ ಟಿವಿಗೆ ಹಾಕಿ ವಿಡಿಯೊ ಆಟ ಆಡುವ ಯಂತ್ರ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮಾರುಕಟ್ಟೆಗೆ ಬಂದಾಗ ಅಮೆರಿಕದಲ್ಲಿ ಅದರ ಬೆಲೆ 499 ಡಾಲರ್. ಐದು ವರ್ಷ ತುಂಬುವ ಹೊತ್ತಿಗೆ, 2025ರ ಅಕ್ಟೋಬರ್‌ನಲ್ಲಿ, ಅದೇ ಪೆಟ್ಟಿಗೆಗೆ 649 ಡಾಲರ್. ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ, ಒಂದೇ ವರ್ಷದಲ್ಲಿ ಮೈಕ್ರೋಸಾಫ್ಟ್ ಎರಡು ಸಲ ಬೆಲೆ ಏರಿಸಿತು. ಅದೇ ಅಕ್ಟೋಬರ್‌ನಲ್ಲಿ, ತಿಂಗಳ ಹಣ ಕಟ್ಟಿ ನೂರಾರು ಆಟ ಆಡುವ ಗೇಮ್ ಪಾಸ್ ಅಲ್ಟಿಮೇಟ್ ಚಂದಾ ತಿಂಗಳಿಗೆ 20 ಡಾಲರ್ ಇದ್ದದ್ದು 30 ಆಯಿತು. ಭಾರತದಲ್ಲಿ ಹೊಸದಾಗಿ ಸೇರುವವರಿಗೆ 829 ರೂಪಾಯಿ ಇದ್ದದ್ದು 1,389ಕ್ಕೆ ಹೋಯಿತು.

ಸುಂಕ ಏರಿತು, ಮೆಮೊರಿ ಚಿಪ್ ತುಟ್ಟಿಯಾಯಿತು ಎಂಬ ಕಾರಣಗಳಲ್ಲಿ ಸುಳ್ಳಿಲ್ಲ. ಎದುರಾಳಿ ಸೋನಿ ಕೂಡ ಅಮೆರಿಕದಲ್ಲಿ ತನ್ನ ಕನ್ಸೋಲ್ ಪ್ಲೇಸ್ಟೇಷನ್ 5ರ ಬೆಲೆಯನ್ನು 2025ರ ಆಗಸ್ಟ್‌ನಲ್ಲಿ 50 ಡಾಲರ್ ಏರಿಸಿತು. ಆದರೆ ಪೆಟ್ಟು ಹೆಚ್ಚು ತಿಂದದ್ದು ಮೈಕ್ರೋಸಾಫ್ಟ್. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ತ್ರೈಮಾಸಿಕದಲ್ಲಿ ಎಕ್ಸ್‌ಬಾಕ್ಸ್ ಯಂತ್ರಗಳ ಆದಾಯ ಹಿಂದಿನ ವರ್ಷಕ್ಕಿಂತ ಶೇ 29ರಷ್ಟು ಇಳಿಯಿತು. ಮುಂದಿನ ತ್ರೈಮಾಸಿಕ ಕ್ರಿಸ್‌ಮಸ್ ಖರೀದಿಯ ಕಾಲ. ಇಡೀ ವರ್ಷದ ವ್ಯಾಪಾರ ನಿಂತಿರುವುದೇ ಆ ಮೂರು ತಿಂಗಳ ಮೇಲೆ. ಅಲ್ಲಿ ಶೇ 32ರಷ್ಟು ಇಳಿಯಿತು.

ಬಳ್ಳಾರಿಯಲ್ಲಿ ಕನ್ಸೋಲ್, ಲ್ಯಾಪ್‌ಟಾಪ್ ರಿಪೇರಿ ಮಾಡುವ ನನಗೆ ಇದು ದೂರದ ಸುದ್ದಿಯಲ್ಲ. ಹೊಸಪೇಟೆ, ಗಂಗಾವತಿ, ಸಿರುಗುಪ್ಪ, ತೋರಣಗಲ್ಲು ಕಡೆಯಿಂದ ಯಂತ್ರಗಳು ಬರುತ್ತವೆ. ತಂದ ಹುಡುಗರು ಕೆಲಸ ಮುಗಿಯುವತನಕ ಸ್ಟೂಲ್ ಮೇಲೆ ಕೂತು ಕೇಳುವುದು ಒಂದೇ ಮಾತು: “ಅಣ್ಣಾ, ಎಕ್ಸ್‌ಬಾಕ್ಸ್ ಬಂದ್ ಮಾಡ್ತಾರಂತ ಹೌದಾ? ಈಗ ತಗಂಡ್ರೆ ರೊಕ್ಕ ದಂಡ ಆಗಲ್ಲ ತಾನೆ?” ಬಂದ್ ಮಾಡುತ್ತೇವೆಂದು ಮೈಕ್ರೋಸಾಫ್ಟ್ ಹೇಳಿಲ್ಲ. ಮುಂದಿನ ಯಂತ್ರಕ್ಕೆ ಚಿಪ್ ಕಂಪನಿ ಎಎಂಡಿ ಜತೆ ಸೇರಿ ಚಿಪ್ ಮಾಡುತ್ತಿರುವುದಾಗಿ 2025ರ ಜೂನ್‌ನಲ್ಲೇ ಪ್ರಕಟಿಸಿದೆ. ಆದರೂ ಕೊಳ್ಳುವವನ ಬಾಯಲ್ಲಿ ಈ ಪ್ರಶ್ನೆ ಬಂದಿದೆಯಲ್ಲ, ರೋಗ ಇರುವುದೇ ಅಲ್ಲಿ. ಕನ್ಸೋಲ್ ಕೊಳ್ಳುವವನು ಯಂತ್ರಕ್ಕೆ ಒಂದು ಸಲ ದುಡ್ಡು ಕೊಟ್ಟು ಸುಮ್ಮನಾಗುವುದಿಲ್ಲ. ಮುಂದಿನ ಆರೇಳು ವರ್ಷ ಅದೇ ಕಂಪನಿಯ ಅಂಗಡಿಯಲ್ಲಿ ಆಟ ಕೊಳ್ಳುತ್ತಾ ಹೋಗುತ್ತಾನೆ. ಅಂಗಡಿ ಇರುತ್ತದೋ ಇಲ್ಲವೋ ಎಂಬ ಅನುಮಾನ ಹುಟ್ಟಿದ ಮೇಲೆ ಯಾವ ಡಿಸ್ಕೌಂಟೂ ಅವನನ್ನು ಒಳಗೆ ಕರೆತರುವುದಿಲ್ಲ.

ಪೆಟ್ಟಿಗೆಯಲ್ಲಿ ಲಾಭವಿಲ್ಲ

ಈ ವ್ಯಾಪಾರದ ಲೆಕ್ಕ ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಕನ್ಸೋಲ್ ಕಂಪನಿಗಳು ಯಂತ್ರವನ್ನು ಅಸಲಿಗೆ, ಎಷ್ಟೋ ಸಲ ಅಸಲಿಗಿಂತ ಕಡಿಮೆಗೆ ಮಾರುತ್ತವೆ. ಆಟ ತಯಾರಿಸುವ ಎಪಿಕ್ ಮತ್ತು ಆ್ಯಪಲ್ ನಡುವಿನ ಮೊಕದ್ದಮೆಯಲ್ಲಿ, 2021ರಲ್ಲಿ, ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ಎಂದೂ ಲಾಭ ಬಂದಿಲ್ಲವೆಂದು ಮೈಕ್ರೋಸಾಫ್ಟ್ ಅಧಿಕಾರಿಯೇ ಸಾಕ್ಷಿ ಹೇಳಿದರು. ಪ್ರತಿ ಯಂತ್ರಕ್ಕೆ 100ರಿಂದ 200 ಡಾಲರ್ ಕೈಯಿಂದ ಹಾಕುತ್ತಿದ್ದೇವೆಂದು ಮರುವರ್ಷ ಆಗಿನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ ಹೇಳಿದರು. ಆ ದುಡ್ಡು ತಿರುಗಿ ಬರುವುದು ಆಟಗಳಿಂದ. ಬೇರೆಯವರು ಮಾಡಿದ ಆಟ ಮಾರಾಟವಾದಾಗ ಸುಮಾರು ಶೇ 30ರಷ್ಟು ಪಾಲು ಕನ್ಸೋಲ್ ಕಂಪನಿಗೆ. ಚಂದಾ ಹಣ ಬೇರೆ.

ಹೀಗಾಗಿ ಯಂತ್ರ ಮಾರಾಟ ಕುಸಿದರೆ ಕಂಪನಿಯವರು “ಹೇಗೂ ಲಾಭ ಇರಲಿಲ್ಲ” ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಯಂತ್ರ ಕಡಿಮೆಯಾದರೆ ಆಟ ಕೊಳ್ಳುವವರು ಕಡಿಮೆ. ಅವರು ಕಡಿಮೆಯಾದರೆ ಆಟ ತಯಾರಿಸುವವರು ಈ ಕಡೆ ತಿರುಗಿ ನೋಡುವುದಿಲ್ಲ. ಆಟ ಇಲ್ಲದಿದ್ದರೆ ಯಂತ್ರ ಯಾರು ಕೊಳ್ಳುತ್ತಾರೆ? ಈ ಸುಳಿಗೆ ಬಿದ್ದ ಕಂಪನಿ ಎಕ್ಸ್‌ಬಾಕ್ಸ್ ಒಂದೇ ಅಲ್ಲ. ಜಪಾನಿನ ಸೆಗಾ ಇದರಲ್ಲಿ ಮುಳುಗಿ ಯಂತ್ರ ಮಾಡುವುದನ್ನೇ ಬಿಟ್ಟಿತು. ನಿಂಟೆಂಡೊ ಮತ್ತು ಸೋನಿ ಬಿದ್ದು ಎದ್ದು ಬಂದವು.

ಡಿಸ್ಕ್ ಮೇಲೆ ಕೈ ಇಟ್ಟ ದಿನ

ಎಕ್ಸ್‌ಬಾಕ್ಸ್ ಎಡವಿದ್ದು 2025ರಲ್ಲಲ್ಲ, 2013ರಲ್ಲಿ. ಆ ವರ್ಷದ ಮೇ 21ರಂದು ಎಕ್ಸ್‌ಬಾಕ್ಸ್ ಒನ್ ಪರಿಚಯಿಸುವಾಗ ಮೈಕ್ರೋಸಾಫ್ಟ್ ಆಟಕ್ಕಿಂತ ಹೆಚ್ಚು ಟಿವಿಯ ಬಗ್ಗೆ ಮಾತಾಡಿತು. ಯಂತ್ರ ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಸೇರಿ ಪರವಾನಗಿ ಖಚಿತಪಡಿಸಿಕೊಳ್ಳಬೇಕು, ಹಳೆ ಡಿಸ್ಕ್ ಮಾರಲು, ಕೊಡಲು ಕಟ್ಟುಪಾಡು ಇರುತ್ತದೆ ಎಂದಿತು. ಜೂನ್‌ನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 4 ಬೆಲೆ 399 ಡಾಲರ್ ಎಂದು ಘೋಷಿಸಿತು. ಎಕ್ಸ್‌ಬಾಕ್ಸ್ ಒನ್ ಕಿನೆಕ್ಟ್ ಎಂಬ ಕ್ಯಾಮೆರಾ ಸಮೇತ 499. ಜತೆಗೆ ಸೋನಿ ಒಂದು ಚಿಕ್ಕ ವಿಡಿಯೊ ಬಿಟ್ಟಿತು: ಗೆಳೆಯನಿಗೆ ಆಟ ಕೊಡುವುದು ಹೇಗೆ? ಒಬ್ಬ ಡಿಸ್ಕ್ ಕೊಡುತ್ತಾನೆ, ಇನ್ನೊಬ್ಬ ತೆಗೆದುಕೊಳ್ಳುತ್ತಾನೆ. ಮುಗೀತು. ಜೂನ್ 19ರಂದು ಮೈಕ್ರೋಸಾಫ್ಟ್ ಆ ನಿಯಮಗಳನ್ನೆಲ್ಲ ಹಿಂತೆಗೆದುಕೊಂಡಿತು, ಆದರೆ ಅಷ್ಟರಲ್ಲಿ ಮಾತು ಹೋಗಿತ್ತು.

ಅಮೆರಿಕದಲ್ಲಿ ಕೂತವರಿಗೆ ಅದು ಸಣ್ಣ ವಿಷಯ ಎನಿಸಿರಬಹುದು. ಬಳ್ಳಾರಿಯಲ್ಲಿ ಕನ್ಸೋಲ್ ಬದುಕಿರುವುದೇ ಡಿಸ್ಕ್ ಮೇಲೆ. ಸೋನಿಯ ದೊಡ್ಡ ಹೊಸ ಆಟ ಬಂದಾಗ 4,999 ರೂಪಾಯಿ ಇರುತ್ತದೆ. ಜೀನ್ಸ್ ಹೊಲಿಗೆ ಘಟಕದಲ್ಲಿ ಕೆಲಸ ಮಾಡುವವನ ಮನೆಯಲ್ಲಿ ಅಷ್ಟು ದುಡ್ಡು ಒಂದು ಆಟಕ್ಕೆ ಯಾರು ಕೊಡುತ್ತಾರೆ? ಹುಡುಗರು ದಾರಿ ಕಂಡುಕೊಂಡಿದ್ದಾರೆ. ನಾಲ್ವರು ಸೇರಿ ಒಂದು ಡಿಸ್ಕ್ ತರುತ್ತಾರೆ. ಒಬ್ಬ ಮುಗಿಸಿ ಇನ್ನೊಬ್ಬನಿಗೆ ಕೊಡುತ್ತಾನೆ. ನಾಲ್ವರೂ ಆಡಿದ ಮೇಲೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ಅರ್ಧ ಬೆಲೆಗೆ ಮಾರುತ್ತಾರೆ, ಆ ದುಡ್ಡಿಗೆ ಒಂದಿಷ್ಟು ಸೇರಿಸಿ ಮುಂದಿನ ಆಟ. ಗಂಟೆ ಲೆಕ್ಕದಲ್ಲಿ ಆಡಿಸುವ ಪಾರ್ಲರ್‌ನವರ ಕಥೆಯೂ ಇದೇ. ನನ್ನ ಮೇಜಿಗೆ ಬರುವ ಡಿಸ್ಕ್‌ಗಳ ಹಿಂಬದಿ ನೋಡಿದರೆ ಸಾಕು, ಒಳಅಂಚಿನಿಂದ ಹೊರಅಂಚಿನವರೆಗೆ ಕೂದಲೆಳೆಯಂಥ ಗೀರುಗಳು, ನಡುವೆ ಯಾರದೋ ಹೆಬ್ಬೆರಳಿನ ಎಣ್ಣೆ ಗುರುತು. ಕವರ್ ಮೇಲೆ ಮೂರು ಅಂಗಡಿಗಳ ಸ್ಟಿಕ್ಕರ್ ಒಂದರ ಮೇಲೊಂದು. ಒಂದು ಡಿಸ್ಕ್ ಎಷ್ಟು ಮನೆ ಹೊಕ್ಕು ಬಂದಿದೆ ಎಂಬುದಕ್ಕೆ ಅದೇ ಲೆಕ್ಕಪುಸ್ತಕ.

ಮೈಕ್ರೋಸಾಫ್ಟ್‌ನ ಅಗ್ಗದ ಯಂತ್ರ ಸೀರೀಸ್ ಎಸ್ ಇಲ್ಲಿ ಯಾಕೆ ನೆಲೆಯೂರಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ. 34,990 ರೂಪಾಯಿಗೆ ಬಂದ ಆ ಯಂತ್ರ, 49,990ರ ಸೀರೀಸ್ ಎಕ್ಸ್‌ಗಿಂತ ಅಗ್ಗ ಹೌದು. ಆದರೆ ಅದಕ್ಕೆ ಡಿಸ್ಕ್ ಡ್ರೈವ್ ಇಲ್ಲ. ಅಂದರೆ ದುಡ್ಡು ಕಡಿಮೆ ಇರುವವನಿಗೆಂದು ಮಾಡಿದ ಯಂತ್ರದಲ್ಲಿ, ದುಡ್ಡು ಕಡಿಮೆ ಇರುವವನು ಆಟ ಕೊಳ್ಳುವ ದಾರಿಯನ್ನೇ ಮುಚ್ಚಿಬಿಟ್ಟರು. ಅದಕ್ಕೆ ಬದಲಾಗಿ ಕೊಟ್ಟದ್ದು ಗೇಮ್ ಪಾಸ್. 2017ರಲ್ಲಿ ಶುರುವಾದ ಈ ಚಂದಾ ನಿಜಕ್ಕೂ ಒಳ್ಳೆಯ ಯೋಜನೆ. ನೂರಾರು ಆಟ, ತಿಂಗಳಿಗೆ ಕೆಲವೇ ನೂರು ರೂಪಾಯಿ. ಡಿಸ್ಕ್ ಕಳೆದುಕೊಂಡ ಹುಡುಗನಿಗೆ ಅದೊಂದೇ ಆಸರೆ. ಅದರ ಬೆಲೆಯನ್ನೂ ಒಮ್ಮೆಗೇ ಇಷ್ಟು ಏರಿಸಿದಾಗ ಅವನ ಕೈಯಲ್ಲಿ ಏನುಳಿಯಿತು?

ಕೊಂಡದ್ದು ಎಷ್ಟು, ಉಳಿಸಿಕೊಂಡದ್ದು ಎಷ್ಟು

2014ರಲ್ಲಿ ಸತ್ಯ ನಾದೆಲ್ಲ ಮೈಕ್ರೋಸಾಫ್ಟ್ ಮುಖ್ಯಸ್ಥರಾದರು, ಅದೇ ವರ್ಷ ಫಿಲ್ ಸ್ಪೆನ್ಸರ್‌ಗೆ ಎಕ್ಸ್‌ಬಾಕ್ಸ್ ಹೊಣೆ ಬಂತು. (ನಾದೆಲ್ಲ ಓದಿದ್ದು ನಮ್ಮ ಮಣಿಪಾಲದಲ್ಲಿ, ಬಳ್ಳಾರಿ, ರಾಯಚೂರು ಹುಡುಗರು ಎಂಜಿನಿಯರಿಂಗ್ ಸೀಟು ಹುಡುಕುವಾಗ ಆ ಹೆಸರು ಈಗಲೂ ಕೇಳಿಬರುತ್ತದೆ.) ಅಲ್ಲಿಂದ ಕಂಪನಿ ಆಟ ತಯಾರಿಸುವವರನ್ನು ಕೊಳ್ಳುತ್ತಾ ಹೋಯಿತು. 2014ರಲ್ಲಿ ಮೈನ್‌ಕ್ರಾಫ್ಟ್ ಮಾಡಿದ ಮೊಜಾಂಗ್ 250 ಕೋಟಿ ಡಾಲರ್‌ಗೆ. ಆಟದ ಕಂಪನಿ ಬೆಥೆಸ್ಡಾದ ಒಡೆತನ ಇದ್ದ ಜೆನಿಮ್ಯಾಕ್ಸ್ 750 ಕೋಟಿಗೆ. 2022ರ ಜನವರಿಯಲ್ಲಿ ಘೋಷಿಸಿ 2023ರ ಅಕ್ಟೋಬರ್‌ನಲ್ಲಿ ಮುಗಿಸಿದ, ಕಾಲ್ ಆಫ್ ಡ್ಯೂಟಿ ಆಟದ ಕಂಪನಿ ಆ್ಯಕ್ಟಿವಿಷನ್ ಬ್ಲಿಜರ್ಡ್ ಖರೀದಿ 6,870 ಕೋಟಿ ಡಾಲರ್‌ದು.

ಇಷ್ಟು ಕೊಂಡ ಮೇಲೆ ನಡೆದದ್ದೇನು? 2024ರ ಜನವರಿಯಲ್ಲಿ 1,900 ಜನರನ್ನು ಕೆಲಸದಿಂದ ತೆಗೆದರು. ಮೇ ತಿಂಗಳಲ್ಲಿ ಟ್ಯಾಂಗೊ ಗೇಮ್‌ವರ್ಕ್ಸ್, ಅರ್ಕೇನ್ ಆಸ್ಟಿನ್ ಸ್ಟುಡಿಯೊಗಳನ್ನು ಮುಚ್ಚಿದರು. ಟ್ಯಾಂಗೊ ಹಿಂದಿನ ವರ್ಷವಷ್ಟೇ ಎಲ್ಲರೂ ಮೆಚ್ಚಿದ ಹೈ-ಫೈ ರಷ್ ಕೊಟ್ಟಿತ್ತು. ಆ ಸ್ಟುಡಿಯೊವನ್ನು ಎತ್ತಿಕೊಂಡದ್ದು ಯಾರು ಗೊತ್ತೆ? ಕ್ರಾಫ್ಟನ್. ನಮ್ಮ ಹುಡುಗರು ಹಗಲೂ ರಾತ್ರಿ ಆಡುವ ಬಿಜಿಎಂಐ ಅದೇ ಕೊರಿಯಾ ಕಂಪನಿಯದು. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ಒಟ್ಟು ಸುಮಾರು 9,000 ಹುದ್ದೆ ಕಡಿತ ಮಾಡಿದಾಗ ಪರ್ಫೆಕ್ಟ್ ಡಾರ್ಕ್ ಆಟ ನಿಂತಿತು, ಅದನ್ನು ಮಾಡುತ್ತಿದ್ದ ಸ್ಟುಡಿಯೊವೂ ಮುಚ್ಚಿತು. ಆಟದ ವಿಭಾಗಕ್ಕೆ ಶೇ 30ರ ಲಾಭಾಂಶದ ಗುರಿ ಹಾಕಿದ್ದಾರೆಂದು ಬ್ಲೂಮ್‌ಬರ್ಗ್ ವರದಿ ಮಾಡಿತು. ಆಟದ ಉದ್ಯಮದಲ್ಲಿ ಅದು ಬಹಳ ದೊಡ್ಡ ಸಂಖ್ಯೆ. ಯಂತ್ರ ಮಾರಬೇಕೆಂದರೆ ಆಟ ಬೇಕು, ಆ ಆಟ ಮಾಡುವವರನ್ನೇ ಲಾಭಕ್ಕಾಗಿ ಮನೆಗೆ ಕಳಿಸುವುದು ಬಿತ್ತನೆ ಬೀಜವನ್ನು ಅಡುಗೆಗೆ ಹಾಕಿದಂತೆ.

ಇನ್ನೊಂದು ಕಡೆ, 2024ರ ನವೆಂಬರ್‌ನಲ್ಲಿ “ಇದೂ ಒಂದು ಎಕ್ಸ್‌ಬಾಕ್ಸ್” ಎಂಬ ಅರ್ಥದ ಜಾಹೀರಾತು ಬಂತು. ಫೋನ್, ಲ್ಯಾಪ್‌ಟಾಪ್, ಟಿವಿ, ಎಲ್ಲವೂ ಎಕ್ಸ್‌ಬಾಕ್ಸ್ ಅಂತೆ. ಅದೇ ವರ್ಷದಿಂದ ಎಕ್ಸ್‌ಬಾಕ್ಸ್‌ನ ಸ್ವಂತ ಆಟಗಳು ಪ್ಲೇಸ್ಟೇಷನ್‌ಗೂ ಹೋಗತೊಡಗಿದವು. 2025ರ ಅಕ್ಟೋಬರ್‌ನಲ್ಲಿ ಹೇಲೋ ಕೂಡ ಪ್ಲೇಸ್ಟೇಷನ್ 5ಕ್ಕೆ ಬರುತ್ತದೆಂದು ಘೋಷಣೆಯಾಯಿತು. 2001ರಲ್ಲಿ ಮೊದಲ ಎಕ್ಸ್‌ಬಾಕ್ಸ್ ಅನ್ನು ಜನ ಕೊಂಡದ್ದೇ ಆ ಆಟಕ್ಕಾಗಿ. ಆಟ ಪ್ರಕಟಿಸುವ ಕಂಪನಿಯಾಗಿ ನೋಡಿದರೆ ಇದು ಸರಿಯಾದ ಲೆಕ್ಕ. ಹೆಚ್ಚು ಜನ ಕೊಳ್ಳುತ್ತಾರೆ, ಹೆಚ್ಚು ದುಡ್ಡು. ಆದರೆ ಯಂತ್ರ ಮಾರುವ ಕಂಪನಿಯಾಗಿ ಅದು ಒಂದು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ಈ ಪೆಟ್ಟಿಗೆ ಇನ್ನು ಯಾತಕ್ಕೆ? ಆ ಉತ್ತರ ಬರದೆ ಬೆಲೆ ಮಾತ್ರ ಏರಿತು.

ಬಿದ್ದವರು ಎದ್ದದ್ದು ಹೇಗೆ

ಎಕ್ಸ್‌ಬಾಕ್ಸ್‌ನದೇ ಹಳೆಯ ಉದಾಹರಣೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರ ಪಳೆಯುಳಿಕೆಗಳು ಇಂದಿಗೂ ನನ್ನ ಮೇಜಿಗೆ ಬರುತ್ತವೆ. 2005ರ ಎಕ್ಸ್‌ಬಾಕ್ಸ್ 360 ಕೈಕೊಟ್ಟಾಗ ಮುಂದಿನ ಗುಂಡಿಯ ಸುತ್ತ ಮೂರು ಕೆಂಪು ದೀಪ ಹತ್ತುತ್ತಿದ್ದವು. ಯಂತ್ರ ಕಾಯುವುದು, ಆರುವುದು, ಮತ್ತೆ ಕಾಯುವುದು; ಆ ಎಳೆದಾಟಕ್ಕೆ ಚಿಪ್ಪಿನ ಒಳಗಿನ ಸೂಕ್ಷ್ಮ ಜೋಡಣೆಗಳು ಬಿರುಕು ಬಿಡುತ್ತಿದ್ದವು. ಏಪ್ರಿಲ್, ಮೇ ತಿಂಗಳ ಬಳ್ಳಾರಿ ಬಿಸಿಲಲ್ಲಿ ಅದು ಬೇಗನೆ ಸಾಯುತ್ತಿತ್ತು. ಮುಚ್ಚಳ ತೆಗೆದರೆ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಕೆಂಪು ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ, ಥರ್ಮಲ್ ಪೇಸ್ಟ್ ಒಣಗಿ ಉಗುರಿಗೆ ಪುಡಿಪುಡಿಯಾಗಿ ಉದುರುತ್ತದೆ.

2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಏನು ಮಾಡಿತೆಂದರೆ, ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿತು. ಅದಕ್ಕೆ ನೂರು ಕೋಟಿ ಡಾಲರ್‌ಗಿಂತ ಹೆಚ್ಚು ತೆಗೆದಿರಿಸಿತು. ಆಗ ವಿಭಾಗ ನೋಡಿಕೊಳ್ಳುತ್ತಿದ್ದ ಪೀಟರ್ ಮೂರ್, ಆಗಿನ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಮರ್ ಹಿಂದೆಮುಂದೆ ನೋಡದೆ ಒಪ್ಪಿಗೆ ಕೊಟ್ಟರೆಂದು ಆಮೇಲೆ ಹೇಳಿಕೊಂಡಿದ್ದಾರೆ. ತಪ್ಪು ನಮ್ಮದು, ದುಡ್ಡು ನಮ್ಮದು ಎಂದ ಆ ಒಂದು ನಿರ್ಧಾರದಿಂದಲೇ 360 ಮುಂದೆ ಎಂಟು ಕೋಟಿಗೂ ಮೀರಿ ಮಾರಾಟವಾಯಿತು ಎಂದು ನಾನು ನಂಬುತ್ತೇನೆ.

ಸೋನಿ ಬಿದ್ದದ್ದು ಅಹಂಕಾರದಿಂದ. 2006ರಲ್ಲಿ ಪ್ಲೇಸ್ಟೇಷನ್ 3ಕ್ಕೆ 499 ಮತ್ತು 599 ಡಾಲರ್ ಇಟ್ಟಿತು. ಒಳಗಿನ ಸೆಲ್ ಪ್ರೊಸೆಸರ್‌ಗೆ ಆಟ ಬರೆಯುವುದು ಡೆವಲಪರ್‌ಗಳಿಗೆ ತಲೆನೋವು. ಎದ್ದದ್ದು ನಿಧಾನವಾಗಿ, ಒಳಗಿನ ಭಾಗಗಳನ್ನು ಒಂದೊಂದಾಗಿ ಅಗ್ಗ ಮಾಡುತ್ತಾ. 2009ರ ಸೆಪ್ಟೆಂಬರ್‌ನಲ್ಲಿ ತೆಳುವಾದ ಹೊಸ ರೂಪ 299 ಡಾಲರ್‌ಗೆ ಬಂತು. ಅಷ್ಟರಲ್ಲಿ ಸ್ವಂತ ಸ್ಟುಡಿಯೊಗಳ ಆಟಗಳೂ ಸಾಲುಗಟ್ಟಿದ್ದವು. ಪ್ಲೇಸ್ಟೇಷನ್ 4 ಮಾಡುವಾಗ ಸೋನಿ ಕಷ್ಟದ ಚಿಪ್ಪನ್ನು ಬಿಟ್ಟು ಎಲ್ಲರಿಗೂ ಗೊತ್ತಿರುವ ಪಿಸಿ ಮಾದರಿಯ ಚಿಪ್ಪಿಗೆ ಬಂತು.

ನಿಂಟೆಂಡೊ ಕಥೆ ನನಗೆ ಎಲ್ಲಕ್ಕಿಂತ ಹತ್ತಿರದ್ದು. 2011ರಲ್ಲಿ 3ಡಿಎಸ್ ಎಂಬ ಕೈಯಾಟದ ಯಂತ್ರವನ್ನು 249 ಡಾಲರ್‌ಗೆ ತಂದರು, ಜನ ಕೊಳ್ಳಲಿಲ್ಲ. ಅರ್ಧ ವರ್ಷದೊಳಗೆ ಬೆಲೆಯನ್ನು 169ಕ್ಕೆ ಇಳಿಸಿದರು. ಮುಖ್ಯಸ್ಥ ಸತೋರು ಇವಾಟಾ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತ ಮಾಡಿಕೊಂಡರು. ಮೊದಲೇ ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ಮೋಸವಾಗಬಾರದೆಂದು 20 ಹಳೆಯ ಆಟ ಪುಕ್ಕಟೆ ಕೊಟ್ಟರು. ಬೆಲೆ ಇಳಿಸುವುದು ಯಾರಿಗಾದರೂ ಹೊಳೆಯುತ್ತದೆ, ಮೊದಲು ನಂಬಿ ಬಂದವನನ್ನು ನೆನೆಯುವುದು ಎಲ್ಲರಿಗೂ ಹೊಳೆಯುವುದಿಲ್ಲ. ಆ ಯಂತ್ರ ಕೊನೆಗೆ ಏಳೂವರೆ ಕೋಟಿಯಷ್ಟು ಹೋಯಿತು. ಅದೇ ಹೊತ್ತಿಗೆ ಟಿವಿಗೆ ಹಾಕುವ ಯಂತ್ರ, 2012ರ ವೀ ಯು ನೆಲಕಚ್ಚಿತು: ಒಟ್ಟು 1.36 ಕೋಟಿಯಷ್ಟೇ, ಹಿಂದಿನ ವೀ ಹತ್ತು ಕೋಟಿ ಮಾರಿದ ಜಾಗದಲ್ಲಿ. ಅದು ಹೊಸ ಯಂತ್ರವೋ ಹಳೆಯದಕ್ಕೆ ಸೇರಿಸುವ ಪರದೆಯೋ ಎಂದು ಜನಕ್ಕೆ ತಿಳಿಯಲೇ ಇಲ್ಲ. ಷೇರುದಾರರು ಒತ್ತಡ ಹಾಕಿದರೂ ಇವಾಟಾ ಕೆಲಸಗಾರರನ್ನು ಕಳಿಸಲು ಒಪ್ಪಲಿಲ್ಲ. ಕೆಲಸ ಹೋಗುತ್ತದೆಂಬ ಭಯದಲ್ಲಿ ಇರುವವರಿಂದ ಜನ ಮೆಚ್ಚುವ ಆಟ ಬರುವುದಿಲ್ಲ ಎಂಬುದು ಅವರ ನಿಲುವಾಗಿತ್ತು. 2014ರಲ್ಲಿ ಮತ್ತೆ ಐದು ತಿಂಗಳು ಅರ್ಧ ಸಂಬಳ ಬಿಟ್ಟರು. ಮನೆಯ ಯಂತ್ರ ಮಾಡುವ ತಂಡವನ್ನೂ ಕೈಯಾಟದ ಯಂತ್ರ ಮಾಡುವ ತಂಡವನ್ನೂ ಒಂದುಗೂಡಿಸಿದರು. ಅದರಿಂದ ಹುಟ್ಟಿದ್ದು 2017ರ ಮಾರ್ಚ್ 3ರಂದು ಬಂದ ಸ್ವಿಚ್. ಟಿವಿಗೆ ಹಾಕಿದರೆ ಕನ್ಸೋಲ್, ಕೈಗೆ ತೆಗೆದುಕೊಂಡರೆ ಆಟಿಕೆ. ಐದು ವರ್ಷದ ಮಗುವಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಹದಿನೈದು ಕೋಟಿ ದಾಟಿತು. ಅದನ್ನು ನೋಡಲು ಇವಾಟಾ ಇರಲಿಲ್ಲ, 2015ರ ಜುಲೈನಲ್ಲೇ ತೀರಿಕೊಂಡಿದ್ದರು.

ಸೆಗಾದ ಡ್ರೀಮ್‌ಕಾಸ್ಟ್ ಮಾತ್ರ ಏಳಲಿಲ್ಲ. 199 ಡಾಲರ್ ಬೆಲೆ, ಒಳ್ಳೆಯ ಆಟ, ಕಾಲಕ್ಕಿಂತ ಮುಂಚೆಯೇ ಇಂಟರ್ನೆಟ್ ಮೋಡೆಮ್, ಎಲ್ಲ ಇತ್ತು. ಆದರೆ ಹಿಂದಿನ ಸ್ಯಾಟರ್ನ್ ಯಂತ್ರವನ್ನು 1995ರಲ್ಲಿ ಹೇಳದೆ ಕೇಳದೆ ಅವಸರಕ್ಕೆ ಬಿಡುಗಡೆ ಮಾಡಿ ಅಂಗಡಿಯವರನ್ನೂ ಡೆವಲಪರ್‌ಗಳನ್ನೂ ಕಂಪನಿ ದೂರ ಮಾಡಿಕೊಂಡಿತ್ತು. ಮುಖ್ಯಸ್ಥ ಇಸಾವೊ ಒಕಾವಾ ತಮ್ಮ ಸ್ವಂತ ಆಸ್ತಿಯನ್ನೇ ಕಂಪನಿಗೆ ಬಿಟ್ಟುಕೊಟ್ಟರೂ 2001ರ ಮಾರ್ಚ್‌ನಲ್ಲಿ ತಯಾರಿಕೆ ನಿಂತಿತು. ಒಮ್ಮೆ ನಂಬಿಕೆ ಹೋದರೆ ಒಳ್ಳೆಯ ಯಂತ್ರವೂ ಉಳಿಸುವುದಿಲ್ಲ ಎಂಬುದನ್ನು ರೆಡ್ಮಂಡ್‌ನ ಮೈಕ್ರೋಸಾಫ್ಟ್‌ನವರು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು.

ಹಾಗಾದರೆ ಈಗ?

2026ರ ಫೆಬ್ರವರಿಯಲ್ಲಿ ಫಿಲ್ ಸ್ಪೆನ್ಸರ್ ನಿವೃತ್ತಿ ಘೋಷಿಸಿದರು, ಆಶಾ ಶರ್ಮಾ ಅವರ ಜಾಗಕ್ಕೆ ಬಂದರು. ಹೊಸ ಮುಖ್ಯಸ್ಥರಿಗೆ ಸಲಹೆ ಕೊಡುವವರು ಸಾವಿರ ಜನ. ಹೇಲೋವನ್ನು ವಾಪಸ್ ತನ್ನಿ, ಎಲ್ಲ ಆಟಗಳಿಗೂ ಬೇಲಿ ಹಾಕಿ ಎನ್ನುವವರು ಬಹಳ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಪ್ಲೇಸ್ಟೇಷನ್ 5 ಮಾರಾಟ 2025ರ ಸೆಪ್ಟೆಂಬರ್‌ಗೇ 8.4 ಕೋಟಿ ದಾಟಿದೆ. ಅಷ್ಟು ಗಿರಾಕಿಗಳಿಗೆ ಬಾಗಿಲು ಮುಚ್ಚಿದರೆ ಕಾಲ್ ಆಫ್ ಡ್ಯೂಟಿಗೆ ಕೊಟ್ಟ ಕೋಟಿಗಟ್ಟಲೆ ಡಾಲರ್ ಯಾವಾಗ ವಸೂಲಾಗಬೇಕು?

ಎಕ್ಸ್‌ಬಾಕ್ಸ್ ಬಳಿ ಉಳಿದಿರುವ ನಿಜವಾದ ಆಸ್ತಿ ಬೇರೆ. 2015ರಿಂದ ಅವರು ಹಳೆಯ ಆಟಗಳನ್ನು ಹೊಸ ಯಂತ್ರದಲ್ಲಿ ಓಡಿಸುವ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಹದಿನೈದು ವರ್ಷದ ಹಿಂದಿನ ಎಷ್ಟೋ 360 ಡಿಸ್ಕ್‌ಗಳನ್ನು ಸೀರೀಸ್ ಎಕ್ಸ್‌ಗೆ ಹಾಕಿದರೆ ಆಟ ನಡೆಯುತ್ತದೆ, ಕೆಲವು ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. ಪ್ಲೇಸ್ಟೇಷನ್ 5ಕ್ಕೆ ಪ್ಲೇಸ್ಟೇಷನ್ 3ರ ಡಿಸ್ಕ್ ಹಾಕಿ ನೋಡಿ, ಓಡುವುದಿಲ್ಲ. “ನೀನು ಒಮ್ಮೆ ದುಡ್ಡು ಕೊಟ್ಟ ಆಟ ನಿನ್ನದು, ನಮ್ಮ ಮುಂದಿನ ಯಂತ್ರದಲ್ಲೂ, ಅದರ ಮುಂದಿನದರಲ್ಲೂ” ಎಂದು ಬರೆದುಕೊಟ್ಟು ಅದರಂತೆ ನಡೆದರೆ, ಪೆಟ್ಟಿಗೆ ಯಾತಕ್ಕೆ ಎಂಬ ಪ್ರಶ್ನೆಗೆ ಅದೇ ಉತ್ತರ. 2023ರಲ್ಲಿ ಸ್ಪೆನ್ಸರ್ ಹೇಳಿದ್ದರು, ಸೋಲಬಾರದ ಪೀಳಿಗೆಯಲ್ಲೇ, ಎಕ್ಸ್‌ಬಾಕ್ಸ್ ಒನ್ ಕಾಲದಲ್ಲೇ, ನಾವು ಸೋತೆವು, ಜನ ಡಿಜಿಟಲ್ ಆಟಗಳ ಭಂಡಾರ ಕಟ್ಟಿಕೊಂಡದ್ದು ಆಗಲೇ ಎಂದು. ಆ ಮಾತು ನಿಜವಾದರೆ, ತನ್ನ ಬಳಿ ಭಂಡಾರ ಇಟ್ಟಿರುವವರನ್ನು ಈಗ ಕಳೆದುಕೊಳ್ಳುವುದು ಇನ್ನೂ ದೊಡ್ಡ ಸೋಲು.

ಇನ್ನು ಬೆಲೆ. ಮುಂದಿನ ಯಂತ್ರ ದುಬಾರಿ ದರ್ಜೆಯದು ಎಂಬ ಸೂಚನೆಯನ್ನು ಕಂಪನಿಯವರೇ 2025ರಲ್ಲಿ ಕೊಟ್ಟಿದ್ದಾರೆ. ಅಸುಸ್ ಜತೆ ಸೇರಿ ಆ ಅಕ್ಟೋಬರ್‌ನಲ್ಲಿ ತಂದ ಕೈಯಾಟದ ಯಂತ್ರದ ಮೇಲ್ದರ್ಜೆಯ ರೂಪಕ್ಕೆ ಸಾವಿರ ಡಾಲರ್. ಮೆಮೊರಿ ತುಟ್ಟಿಯಾಗಿರುವುದಕ್ಕೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಹಸಿವು ಮುಖ್ಯ ಕಾರಣ, ಅವನ್ನು ಕಟ್ಟುವವರಲ್ಲಿ ಮೈಕ್ರೋಸಾಫ್ಟ್ ಮುಂಚೂಣಿಯಲ್ಲಿದೆ. ದುಬಾರಿ ಯಂತ್ರ ಮಾಡಲಿ, ಬೇಡವೆನ್ನುವುದಿಲ್ಲ. ಅದರ ಪಕ್ಕದಲ್ಲಿ ಅಗ್ಗದ್ದೊಂದು ಇರಲೇಬೇಕು, ಅದು ಹಳೆಯ ಚಿಪ್ಪಿನದೇ ಆದರೂ ಸರಿ. ನಿಂಟೆಂಡೊದ ಕೈಯಾಟದ ಯಂತ್ರ ಗೇಮ್ ಬಾಯ್ ಹಿಂದಿದ್ದ ಗುನ್‌ಪೇ ಯೊಕೊಯಿ ಇದನ್ನೇ ಹೇಳುತ್ತಿದ್ದರು: ಪಳಗಿದ, ಅಗ್ಗವಾದ ತಂತ್ರಜ್ಞಾನ ತಗೊಂಡು ಹೊಸ ರೀತಿಯಲ್ಲಿ ಬಳಸಿ. ಇವತ್ತಿನ ಸೀರೀಸ್ ಎಸ್ ಚಿಪ್ಪನ್ನು ಇನ್ನಷ್ಟು ಚಿಕ್ಕದು ಮಾಡಿ, ಡಿಸ್ಕ್ ಡ್ರೈವ್ ಸೇರಿಸಿ, 20 ಸಾವಿರ ರೂಪಾಯಿ ಆಸುಪಾಸಿಗೆ ತಂದರೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಮಟ್ಟಿಗೆ ಅದಕ್ಕೆ ಸಾಟಿ ಇರುವುದಿಲ್ಲ.

ಇದನ್ನು ಸೋನಿ ಭಾರತದಲ್ಲಿ ಒಮ್ಮೆ ಮಾಡಿ ತೋರಿಸಿದೆ. ಪ್ಲೇಸ್ಟೇಷನ್ 3 ಬಂದ ಮೇಲೂ ವರ್ಷಗಟ್ಟಲೆ ಪ್ಲೇಸ್ಟೇಷನ್ 2ನ್ನು ಇಲ್ಲಿ ಅಗ್ಗಕ್ಕೆ ಮಾರುತ್ತಾ ಬಂತು. 2009ರಲ್ಲಿ ಹನುಮಂತನ ಆಟ, ಗಿಲ್ಲಿದಾಂಡು ಕಬಡ್ಡಿ ಇದ್ದ ದೇಸಿ ಅಡ್ಡಾ, ಮರುವರ್ಷ ಗಲ್ಲಿ ಕ್ರಿಕೆಟ್‌ನ ಆಟ, ಎಲ್ಲ ಭಾರತದಲ್ಲೇ ತಯಾರಾದವು. ಆಟಗಳ ಗುಣಮಟ್ಟ ಅಷ್ಟಕ್ಕಷ್ಟೇ ಇತ್ತು, ಅದು ಬೇರೆ ಮಾತು. ಆದರೆ ಇಲ್ಲಿ ಮೂವತ್ತು ದಾಟಿದ ಯಾರನ್ನೇ ಕೇಳಿ, ಮೊದಲು ಆಡಿದ ಕನ್ಸೋಲ್ ಯಾವುದೆಂದರೆ “ಪಿಎಸ್ ಟೂ” ಎನ್ನುತ್ತಾರೆ. ಈಗ ಅವರು ದುಡಿಯುತ್ತಾರೆ, ಕೊಳ್ಳುವುದು ಸೋನಿಯನ್ನೇ. ಹದಿನೈದು ವರ್ಷದ ಹಿಂದೆ ಅಗ್ಗಕ್ಕೆ ಮಾರಿದ ಯಂತ್ರದ ಲಾಭ ಈಗ ಬರುತ್ತಿದೆ.

ಇವತ್ತಿನ ಹುಡುಗರ ಮೊದಲ ಕನ್ಸೋಲ್ ಫೋನು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಾಗಾಯಿತು. ಅವರಿಗೆ ಆಟದ ರುಚಿ ಹತ್ತಿಸುವ ಕೆಲಸ ಬಾಕಿ ಇಲ್ಲ. ಫೋನಿನಿಂದ ಟಿವಿಗೆ ಬರಲು ಒಂದು ಮೆಟ್ಟಿಲು ಬೇಕು. 2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕ್ಲೌಡ್ ಗೇಮಿಂಗ್ ಅನ್ನು ಭಾರತಕ್ಕೆ ತಂದಿತು. ಆಟ ಓಡುವುದು ದೂರದ ಕಂಪ್ಯೂಟರ್‌ನಲ್ಲಿ, ಇಂಟರ್ನೆಟ್ ಇದ್ದರೆ ಯಂತ್ರವೇ ಇಲ್ಲದೆ ಆಡಬಹುದು. ಬೆಂಗಳೂರಿನ ಫೈಬರ್‌ನಲ್ಲಿ ಅದು ಚೆಂದ. ನಮ್ಮಲ್ಲಿ ಮಧ್ಯಾಹ್ನ ವೋಲ್ಟೇಜ್ ಬಿದ್ದರೆ ರೌಟರ್ ಆರುತ್ತದೆ, ಆಟವೂ ಹೋಗುತ್ತದೆ. ಪಾರ್ಲರ್ ನಡೆಸುವವರು ಅದಕ್ಕೇ ಯುಪಿಎಸ್‌ಗೆ ಮೊದಲು ದುಡ್ಡು ಹಾಕುತ್ತಾರೆ, ಟಿವಿಗೆ ಆಮೇಲೆ. ಚಂದಾ ವಿಷಯದಲ್ಲೂ ಅಷ್ಟೆ. ಮೊಬೈಲ್ ರೀಚಾರ್ಜ್‌ನಂತೆ ದಿನಕ್ಕೆ, ವಾರಕ್ಕೆ ಸಿಗುವ ಚಿಕ್ಕ ಗೇಮ್ ಪಾಸ್ ಮಾಡಿದರೆ ದಸರಾ ರಜೆಯ ಹತ್ತು ದಿನಕ್ಕೆ ಎಷ್ಟು ಜನ ಹಾಕಿಸುತ್ತಾರೋ ನೋಡಲಿ. ಮತ್ತೆ, ಕ್ರಿಕೆಟ್ ಆಟಕ್ಕೆ ಕನ್ನಡದಲ್ಲಿ ಕಾಮೆಂಟರಿ ಕೇಳಬೇಕೆಂಬ ಆಸೆ ನನ್ನದೊಬ್ಬನದಲ್ಲ.

ತಂದೆತಾಯಿಯರ ಹಿಂಜರಿಕೆಯೂ ಒಂದಿದೆ. ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳಲ್ಲಿ ಮನೆ ಹಾಳಾದದ್ದನ್ನು ಕಂಡವರಿಗೆ ‘ಗೇಮ್’ ಎಂದರೆ ಹೆದರಿಕೆ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವುದನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿದೆ. ಮನೆಯ ನಡುಮನೆಯಲ್ಲಿ, ಎಲ್ಲರ ಕಣ್ಣೆದುರು ಟಿವಿ ಮೇಲೆ ಆಡುವ ಯಂತ್ರಕ್ಕೆ ಇದು ಒಳ್ಳೆಯ ಸಮಯ. ಅದನ್ನು ತಂದೆತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವವರು ಬೇಕು.

ತಯಾರಿಕೆಯ ಬಗ್ಗೆಯೂ ಒಂದು ಮಾತು. ಕಿನ್ನಾಳದ ಗೊಂಬೆಗಳ ಜಿಲ್ಲೆ ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ತಯಾರಿಕಾ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಕನ್ಸೋಲ್ ಚಿಪ್ ಅಲ್ಲಿ ಆಗುವುದಿಲ್ಲ, ಆ ಕನಸು ಬೇಡ. ಆದರೆ ಕಂಟ್ರೋಲರ್‌ನ ಕವಚ, ಗುಂಡಿ, ಚಾರ್ಜಿಂಗ್ ತೊಟ್ಟಿಲು ಎಲ್ಲವೂ ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್, ಆಟಿಕೆ ಮಾಡುವ ಕೈಗಳಿಗೆ ಗೊತ್ತಿರುವ ಕೆಲಸ. ಕಂಟ್ರೋಲರ್‌ನ ಅನಲಾಗ್ ಕಡ್ಡಿ ಸವೆದರೆ ಮೂಲ ಬಿಡಿಭಾಗ ಸಿಗದೆ ನಾವು ಡೂಪ್ಲಿಕೇಟ್ ಹಾಕುತ್ತೇವೆ, ಆರು ತಿಂಗಳಿಗೆ ಅದೇ ಯಂತ್ರ ವಾಪಸ್. ಬಿಡಿಭಾಗ ಮೂವತ್ತು ಹರದಾರಿಯೊಳಗೆ ಸಿಗುವ ಬ್ರ್ಯಾಂಡ್ ಯಾವುದೋ, ರಿಪೇರಿಯವನು ಗಿರಾಕಿಗೆ ಹೇಳುವ ಬ್ರ್ಯಾಂಡ್ ಅದೇ.

ಎಲ್ಲರೂ ಕಾಯುತ್ತಿರುವ ಜಿಟಿಎ 6 ಆಟದ ಬಿಡುಗಡೆಗೆ ಅದನ್ನು ಮಾಡುವ ರಾಕ್‌ಸ್ಟಾರ್ ಕೊಟ್ಟಿರುವ ದಿನಾಂಕ 2026ರ ನವೆಂಬರ್ 19. ಆ ಆಟಕ್ಕಾಗಿಯೇ ಹೊಸ ಯಂತ್ರ ಕೊಳ್ಳಲು ಕಾಯುತ್ತಿರುವ ಹುಡುಗರು ನಮ್ಮೂರಲ್ಲೇ ಬೇಕಾದಷ್ಟಿದ್ದಾರೆ, ಪಾರ್ಲರ್‌ನವರೂ ಇದ್ದಾರೆ. ಆ ಹೊತ್ತಿಗೆ ಅಂಗಡಿಯಲ್ಲಿ ಕೈಗೆಟುಕುವ ಎಕ್ಸ್‌ಬಾಕ್ಸ್ ಇರುತ್ತದೆಯೇ ಎಂಬುದೇ ಮೊದಲ ಪರೀಕ್ಷೆ. ಇದರಲ್ಲಿ ಕಂಪನಿ ಹಿಂದೊಮ್ಮೆ ಸೋತಿದೆ. 2020ರಲ್ಲಿ ಅಮೆರಿಕದ ದಿನವೇ ಸೀರೀಸ್ ಎಕ್ಸ್ ಭಾರತಕ್ಕೂ ಬಂತು. ಪ್ಲೇಸ್ಟೇಷನ್ 5 ಇಲ್ಲಿಗೆ ತಲುಪಿದ್ದು 2021ರ ಫೆಬ್ರವರಿ 2ಕ್ಕೆ. ಎದುರಾಳಿಯೇ ಇಲ್ಲದ ಆ ಮೂರು ತಿಂಗಳಲ್ಲಿ ದುಡ್ಡು ಹಿಡಿದುಕೊಂಡು ಬಂದವರಿಗೆ ಕೊಡಲು ಯಂತ್ರವೇ ಇರಲಿಲ್ಲ.